ಓರ್ಕ್‌ಗಳಿಗೆ ನಡತೆ ಪ್ರಮಾಣಪತ್ರ

ಹುಟ್ಟುವ ಮೊದಲೇ ಕೆಟ್ಟವರಾಗಿರುವ ಸೌಲಭ್ಯ ಮನುಷ್ಯರಿಗಿಲ್ಲ. ನಾವು ಕೆಡಬೇಕಾದರೆ ಸಹವಾಸ ಬೇಕು, ಅವಕಾಶ ಬೇಕು, ಸ್ವಲ್ಪ ಶ್ರಮವೂ ಬೇಕು. ಪಾಶ್ಚಾತ್ಯರ ಮಾಯಾಲೋಕದ ಕಥೆಗಳಲ್ಲಿ ಬರುವ ಓರ್ಕ್ ಎಂಬ ಜೀವಿಗೆ ಈ ತಾಪತ್ರಯ ಇರಲಿಲ್ಲ. ತೊಟ್ಟಿಲಲ್ಲಿರುವಾಗಲೇ ಅದರ ನಡತೆ ಪ್ರಮಾಣಪತ್ರ ಸಿದ್ಧವಾಗಿರುತ್ತಿತ್ತು.

ಪತ್ರ ಕೊಡುವ ಕಚೇರಿಯ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಮೇಜಿನ ಸುತ್ತ ಕುಳಿತು ಒಬ್ಬರು ಮಾಂತ್ರಿಕ, ಇನ್ನೊಬ್ಬರು ಯೋಧ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸುತ್ತ ನೆಲಮಾಳಿಗೆಗಳಿಗೆ ನುಗ್ಗಿ, ಅಲ್ಲಿದ್ದವರನ್ನು ಕೊಂದು, ಚಿನ್ನ ಹೊತ್ತು ತರುವುದು ಅದರ ಹಳೆಯ ತಿರುಳು. ಇನ್ನೊಬ್ಬರ ಮನೆಗೆ ನುಗ್ಗಿ ದೋಚುವವನನ್ನು ನಾಯಕನೆಂದು ಕರೆಯಬೇಕಾದರೆ ಮನೆಯವನು ಪರಮ ನೀಚನಾಗಿರಲೇಬೇಕು. ಆತ ನೀಚನೋ ಅಲ್ಲವೋ ಎಂದು ವಿಚಾರಿಸುತ್ತ ಕುಳಿತರೆ ಆಟ ಮುಂದೆ ಸಾಗುವುದಿಲ್ಲ. ಹಾಗಾಗಿ ಇಡೀ ಕುಲಕ್ಕೆ ಒಂದೇ ಬಾರಿ ಮೊಹರು ಒತ್ತಿಬಿಟ್ಟರು.

ಆಟದ ಜೀವಿಗಳ ಗುಣಲಕ್ಷಣ ಪಟ್ಟಿಮಾಡುವ 1977ರ ರಾಕ್ಷಸ ಕೈಪಿಡಿಯಲ್ಲಿ ಓರ್ಕ್ 'ನಿಯಮಬದ್ಧ ದುಷ್ಟ'. ಅಂದರೆ ಕೆಟ್ಟವನೇ, ಆದರೆ ಶಿಸ್ತಿನವನು. ಮೇಲಧಿಕಾರಿಯ ಮಾತು ಮೀರದವನು. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಅದೇ ಓರ್ಕ್ 'ಅರಾಜಕ ದುಷ್ಟ'ನಾದ. ಇಪ್ಪತ್ತಕ್ಕೂ ಹೆಚ್ಚು ವರ್ಷ ರಕ್ತದಲ್ಲೇ ಹರಿಯುತ್ತಿದ್ದ ಶಿಸ್ತು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಸುಡುವ ಅಗತ್ಯವೇ ಬೀಳಲಿಲ್ಲ, ಮರುಮುದ್ರಣ ಸಾಕಾಯಿತು.

ಡ್ರೌ ಎಂಬವರ ಕಥೆ ಇನ್ನೂ ಸೊಗಸು. ಇವರು ಮೂಲತಃ ಎಲ್ಫ್‌ಗಳು, ಸುಂದರಾಂಗರ ವಂಶ. ಒಂದು ಪಂಗಡ ಕೆಟ್ಟು, ಜೇಡರ ದೇವತೆ ಲಾಲ್ತ್‌ಳ ಬೆನ್ನು ಹತ್ತಿ ಪಾತಾಳ ಸೇರಿತು. ಸೇರಿದ್ದೇ ತಡ, ಮೈ ಕಪ್ಪಾಯಿತು. ತಲೆಮಾರುಗಟ್ಟಲೆ ಸೂರ್ಯನನ್ನೇ ಕಾಣದವರು ಬಿಳಚಿಕೊಳ್ಳಬೇಕಿತ್ತಲ್ಲವೇ ಎಂಬುದು ಜೀವಶಾಸ್ತ್ರದ ಪ್ರಶ್ನೆ; ಇಲ್ಲಿ ನಡೆಯುತ್ತಿದ್ದುದು ಬಣ್ಣಶಾಸ್ತ್ರ. (ನಗುವ ಮೊದಲು ನಮ್ಮ ಟಿ.ವಿ.ಯ ಪೌರಾಣಿಕ ಧಾರಾವಾಹಿಗಳನ್ನು ನೆನೆಯುವುದು ಒಳ್ಳೆಯದು. ಅದಿತಿಯ ಮಕ್ಕಳು ದೇವತೆಗಳು, ದಿತಿಯ ಮಕ್ಕಳು ದೈತ್ಯರು, ಇಬ್ಬರಿಗೂ ಕಶ್ಯಪನೇ ತಂದೆ. ಆದರೂ ಮೇಕಪ್ಪಿನವರು ಒಂದು ಮನೆಗೆ ಪೌಡರ್, ಇನ್ನೊಂದು ಮನೆಗೆ ಮಸಿ ಹಂಚುತ್ತಲೇ ಬಂದಿದ್ದಾರೆ.)

'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿ ಬರೆದು ಓರ್ಕ್‌ಗೆ ಇಂದಿನ ರೂಪ ಕೊಟ್ಟ ಪ್ರೊಫೆಸರ್ ಟೋಲ್ಕಿನ್ ಈ ಕಚೇರಿಯ ಗುಮಾಸ್ತರಷ್ಟು ನಿಶ್ಚಿಂತರಾಗಿರಲಿಲ್ಲ. 1958ರ ಒಂದು ಪತ್ರದಲ್ಲಿ ಅವರು ಓರ್ಕ್‌ನ ಚಹರೆ ವಿವರಿಸಿದ್ದಾರೆ: ಚಪ್ಪಟೆ ಮೂಗು, ಅಗಲ ಬಾಯಿ, ಓರೆಗಣ್ಣು, ಯುರೋಪಿಯನ್ನರಿಗೆ ಎಲ್ಲಕ್ಕಿಂತ ಕಡಿಮೆ ಚೆಂದ ಕಾಣುವ ಮಂಗೋಲ ಮುಖಗಳ ವಿಕೃತ ರೂಪ. 'ಯುರೋಪಿಯನ್ನರಿಗೆ' ಎಂಬುದನ್ನು ಆವರಣದಲ್ಲಿ ಸೇರಿಸಿದ್ದು ಅವರ ಸೌಜನ್ಯ. ಆದರೆ ಅವರು ಶ್ರದ್ಧಾವಂತ ಕ್ಯಾಥೊಲಿಕ್. ಕೇಡಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಇರುವುದನ್ನು ಕೆಡಿಸುವ ಶಕ್ತಿ ಮಾತ್ರ ಇದೆ ಎಂದು ನಂಬಿದ್ದವರು. ಹಾಗಿದ್ದರೆ ಓರ್ಕ್ ಎಲ್ಲಿಂದ ಬಂತು? ಕೆಡಿಸಿದ ಎಲ್ಫೇ, ಮನುಷ್ಯನೇ, ಮೃಗವೇ? 1973ರಲ್ಲಿ ತೀರಿಕೊಳ್ಳುವವರೆಗೂ ಆ ಕಡತ ಮುಚ್ಚಲಿಲ್ಲ. ಅವರದೇ ಕಾದಂಬರಿಯಲ್ಲಿ ಶಾಗ್ರಾಟ್, ಗೋರ್ಬಾಗ್ ಎಂಬ ಇಬ್ಬರು ಓರ್ಕ್‌ಗಳು ಯುದ್ಧದ ನಡುವೆ ಗೊಣಗುವ ಪ್ರಸಂಗವಿದೆ. ಯುದ್ಧ ಮುಗಿದ ಮೇಲೆ ನಂಬಿಕಸ್ಥ ಹುಡುಗರನ್ನು ಕಟ್ಟಿಕೊಂಡು, ದೊಡ್ಡ ಸಾಹೇಬರಿಲ್ಲದ ಜಾಗಕ್ಕೆ ಹೊರಟುಬಿಡೋಣ ಎಂಬ ಮಾತು ಬರುತ್ತದೆ. ಹುಟ್ಟಾ ದುಷ್ಟರ ಬಾಯಲ್ಲಿ ಯಾವ ಸರ್ಕಾರಿ ನೌಕರನೂ ಸಹಿ ಹಾಕುವಂಥ ಮಾತು.

ಆಟದ ಮೇಜಿನಲ್ಲಿ ಇಂಥ ಮೃದುತ್ವಕ್ಕೆ ಜಾಗವಿರಲಿಲ್ಲ. ಅಲ್ಲಿನ ಹಳೆಯ ಧರ್ಮಸಂಕಟ ಇದು: ಓರ್ಕ್ ಪಡೆಯನ್ನೆಲ್ಲ ಕೊಂದಾಯಿತು, ಗುಹೆಯ ಮೂಲೆಯಲ್ಲಿ ಕೂಸುಗಳು ಸಿಕ್ಕಿವೆ. ಧರ್ಮಯೋಧ ಏನು ಮಾಡಬೇಕು? ಆಟದ ಜನಕರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 2005ರಲ್ಲಿ ಇಂಥ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಸೀರು ಬೆಳೆದೇ ಹೇನಾಗುವುದು ಎಂಬ ಹಳೆಯ ಮಾತನ್ನು ಮುಂದಿಟ್ಟರು. ಆ ಮಾತಿಗೆ ಅಂಟಿಕೊಂಡ ಹೆಸರು ಕರ್ನಲ್ ಚಿವಿಂಗ್ಟನ್‌ನದು. 1864ರಲ್ಲಿ ಕೊಲೊರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಶಯಾನ್ ಮತ್ತು ಅರಾಪಹೊ ಜನರ ಬೀಡಿಗೆ ನುಗ್ಗಿದ ಸೈನಿಕರ ನಾಯಕ. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅಲ್ಲಿ ದಾಳ ಉರುಳಿಸಿದವರಿರಲಿಲ್ಲ.

ಹೀಗೆ ಕುಲಕ್ಕೆಲ್ಲ ಒಂದೇ ಮೊಹರು ಒತ್ತುವ ಕೈಪಿಡಿ ನಮ್ಮಲ್ಲೂ ಜಾರಿಯಲ್ಲಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ, ಆದ್ದರಿಂದ ಕಳ್ಳನ ಮಗ ಕಳ್ಳ ಎಂಬುದು ಬ್ರಿಟಿಷರ ತರ್ಕ. ಪಟ್ಟಿಯಲ್ಲಿ ಹೆಸರು ಬಂದ ಸಮುದಾಯದವರು ಹಾಜರಿ ಹಾಕಬೇಕು, ಊರು ಬಿಡಲು ಪರವಾನಗಿ ಪಡೆಯಬೇಕು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಪೊಲೀಸರ ಸಂಶಯ ಮಾತ್ರ ಆ ತಿದ್ದುಪಡಿಯನ್ನು ಓದಿಕೊಂಡಂತಿಲ್ಲ.

ಮತ್ತೆ ಆಟಕ್ಕೆ ಬರೋಣ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಡಿ ಜಾರ್ಜ್ ಫ್ಲಾಯ್ಡ್ ಸತ್ತರು. ಅಮೆರಿಕದ ಎಲ್ಲ ಕಂಪನಿಗಳೂ ಆತ್ಮಸಾಕ್ಷಿಯನ್ನು ಹುಡುಕಿ ಧೂಳು ಕೊಡವುತ್ತಿದ್ದ ಜೂನ್ ತಿಂಗಳಲ್ಲಿ, ಆಟದ ಒಡೆಯರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯವರೂ ಹೇಳಿಕೆ ಹೊರಡಿಸಿದರು: ಓರ್ಕ್ ಮತ್ತು ಡ್ರೌ ಚಿತ್ರಣ ನೋವು ತರುವಂತಿದೆ, ಸರಿಪಡಿಸುತ್ತೇವೆ. 2016ರ ಪುಸ್ತಕವೊಂದರಲ್ಲಿ ಓರ್ಕ್‌ಗಳಿಗೆ ಹುಟ್ಟಿನಿಂದಲೇ ಬುದ್ಧಿಯಲ್ಲಿ ಎರಡು ಅಂಕ ಕಡಿತವಿತ್ತು; ತಪ್ಪು-ಒಪ್ಪುಗಳ ಪಟ್ಟಿ ಹೊರಡಿಸಿ ಅದನ್ನು ವಾಪಸ್ ಕೊಟ್ಟರು. ಬುದ್ಧಿ ಇಷ್ಟು ಸುಲಭವಾಗಿ ಮರುಪಾವತಿಯಾದ ಉದಾಹರಣೆ ಚರಿತ್ರೆಯಲ್ಲಿ ಬೇರೆ ಇರಲಾರದು. 2021ರಲ್ಲಿ ಇನ್ನೊಂದು ಶುಭ ಸಮಾಚಾರ: ಪಾತಾಳದ್ದಲ್ಲದೆ ಬೇರೆ ಡ್ರೌ ಸಮಾಜಗಳೂ ಮೊದಲಿನಿಂದ ಇದ್ದವಂತೆ, ಹಿಮದಲ್ಲೊಂದು, ಕಾಡಿನಲ್ಲೊಂದು, ಅವರು ಎಂದೂ ಕೆಟ್ಟವರಾಗಿರಲೇ ಇಲ್ಲವಂತೆ. ಜನಗಣತಿಯವರು ಆ ಕಡೆ ಹೋಗಿರಲಿಲ್ಲ, ಅಷ್ಟೆ.

ಇಷ್ಟೆಲ್ಲ ಸಂವೇದನೆ ಬೆಳೆಸಿಕೊಂಡ ಮೇಲೆ, 2022ರ ಆಗಸ್ಟ್‌ನಲ್ಲಿ ಅದೇ ಕಂಪನಿ ಹಡೋಝಿ ಎಂಬ ಕೋತಿರೂಪದ ಕುಲವನ್ನು ಹೊಸ ಕಥೆಯೊಡನೆ ತಂದಿತು. ಮಾಂತ್ರಿಕನೊಬ್ಬ ಇವರನ್ನು ಹಿಡಿದು, ಔಷಧಿ ಕುಡಿಸಿ ಬುದ್ಧಿ ಬರಿಸಿ, ಮಾರಲು ಹೊರಟಿದ್ದನಂತೆ. ಕೋತಿಗಳು, ಗುಲಾಮಗಿರಿ, ಮೇಲಿಂದ ಹಳೆಯ ಕಾಲದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ನಾಟಕವನ್ನು ನೆನಪಿಸುವ ಚಿತ್ರ. ಸೆಪ್ಟೆಂಬರ್ ಆರಂಭದಲ್ಲೇ ಕ್ಷಮೆ ಕೇಳಬೇಕಾಯಿತು.

ಎದುರು ಪಾಳಯದವರ ದುಃಖವೂ ಸಣ್ಣದಲ್ಲ. ಓರ್ಕ್‌ಗೂ ಅಂತಃಕರಣವಿದೆ ಎಂದರೆ ತಮ್ಮ ಬಾಲ್ಯವೇ ಲೂಟಿಯಾಯಿತೆಂದು ಗೋಳಿಡುವ ನಡುವಯಸ್ಸಿನವರಿದ್ದಾರೆ. ಸಂಜೆ ಆಟಕ್ಕೆ ಕೂತಾಗ ಕೊಲ್ಲಲು ಯಾರಾದರೂ ಬೇಕು, ಕೊಂದ ಮೇಲೆ ನಿದ್ದೆಯೂ ಬರಬೇಕು. ಎರಡನ್ನೂ ಒದಗಿಸುತ್ತಿದ್ದ ಜೀವಿಯನ್ನು ಕಸಿದುಕೊಂಡರೆ ಹೇಗೆ? 2024ರ ಹೊಸ ಪುಸ್ತಕದಲ್ಲಿ ಓರ್ಕ್‌ಗಳು ಅಗಲ ಟೊಪ್ಪಿ ಹಾಕಿಕೊಂಡು ಮಕ್ಕಳುಮರಿಗಳೊಡನೆ ಮರುಭೂಮಿಯಲ್ಲಿ ಸಾಗುವ ಚಿತ್ರ ಬಂತು. ನೋಡಿದ ಹಲವರು ಇವರು ಮೆಕ್ಸಿಕನ್ನರಲ್ಲವೇ ಎಂದರು. ಮಂಗೋಲರ ಮುಖದಿಂದ ಬಿಡಿಸಿ ತಂದ ಓರ್ಕ್ ಅಲ್ಲಿ ಸಿಕ್ಕಿಹಾಕಿಕೊಂಡಿತು.

ಅದೇ ಪುಸ್ತಕದಲ್ಲಿ ಕುಲಗಳನ್ನು 'ಪ್ರಭೇದ'ಗಳೆಂದು ಕರೆದರು. ಮನುಷ್ಯ ಮತ್ತು ಓರ್ಕ್ ಜೋಡಿಗೆ ಹುಟ್ಟಿದ 'ಅರ್ಧ ಓರ್ಕ್' ಎಂಬ ಹೆಸರಿನಲ್ಲೇ ಅವಮಾನವಿದೆ ಎಂಬ ಅರಿವೂ ಮೂಡಿತು. ಪರಿಹಾರವಾಗಿ ಅರ್ಧ ಓರ್ಕ್, ಅರ್ಧ ಎಲ್ಫ್ ಇಬ್ಬರನ್ನೂ ಪುಸ್ತಕದಿಂದ ತೆಗೆದುಹಾಕಿದರು. ಮಿಶ್ರ ಸಂತಾನವನ್ನು ಯಾರೂ ಹಂಗಿಸಬಾರದೆಂದು ಮಿಶ್ರ ಸಂತಾನವನ್ನೇ ಇಲ್ಲವಾಗಿಸುವ ಉಪಾಯ ನಮ್ಮ ಮಠಾಧೀಶರಿಗೂ ಹೊಳೆದಿರಲಿಲ್ಲ.

2025ರ ರಾಕ್ಷಸ ಕೈಪಿಡಿಯಲ್ಲಿ ಓರ್ಕ್‌ಗೂ ಡ್ರೌಗೂ ಪ್ರತ್ಯೇಕ ನಮೂದಿಲ್ಲ. ಉಳಿದವರಿಗೆ ಇಲಾಖಾ ವರ್ಗಾವಣೆ: ಗಾಬ್ಲಿನ್ ಎಂಬ ಕುಳ್ಳರು ಕಿನ್ನರ ವರ್ಗಕ್ಕೆ, ಕೋಬೋಲ್ಡ್ ಎಂಬ ಹಲ್ಲಿಮೋರೆಯವರು ಡ್ರಾಗನ್ ವರ್ಗಕ್ಕೆ. ಕತ್ತೆಕಿರುಬನ ಮೋರೆಯ ನೋಲ್ ಎಂಬ ಜೀವಿಯನ್ನು ಮಾತ್ರ ಮನುಷ್ಯಸದೃಶರ ವರ್ಗದಿಂದ ಎತ್ತಿ ಪಿಶಾಚಿಗಳ ವರ್ಗಕ್ಕೆ ಹಾಕಿದ್ದಾರೆ. ಪಿಶಾಚಿಯಾದ ಮೇಲೆ ಕೂಸೋ ಮುದುಕಿಯೋ ಎಂದು ನೋಡಬೇಕಿಲ್ಲ. ಧರ್ಮಯೋಧ ಹಳೆಯ ಉತ್ಸಾಹದಲ್ಲೇ ಕತ್ತಿ ಬೀಸಬಹುದು. ಓರ್ಕ್‌ನ ಮುಖದಲ್ಲಿ ತಮ್ಮ ಮುಖ ಕಂಡ ಮನುಷ್ಯರಿದ್ದರು, ಅವರು ಅದರ ಪರ ವಾದಿಸಿದರು. ಕತ್ತೆಕಿರುಬಗಳು ಇನ್ನೂ ದೂರು ಸಲ್ಲಿಸಿಲ್ಲ.