ಯಾರ ಖಾತೆ ಎಂದು ನನ್ನನ್ನು ಕೇಳು

ಹೋದ ತಿಂಗಳು ಒಂದು ಬೆಳಿಗ್ಗೆ ಊರಿನಿಂದ ಅಪ್ಪ ಫೋನ್ ಮಾಡಿದರು. ದನಿಯಲ್ಲಿ ಗಾಬರಿ. ‘ಯಾರೋ ನನ್ನ ಖಾತೆಗೆ ಕೈ ಹಾಕಿದ್ದಾರೆ ಪುಟ್ಟಿ. ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟಿದ್ದಾರಂತೆ, ನೆಟ್ ಬ್ಯಾಂಕಿಂಗ್ ನಿಲ್ಲಿಸಿದ್ದೇವೆ ಎಂದು ಮೆಸೇಜ್ ಬಂದಿದೆ.’

ಕೈ ಹಾಕಿದವಳು ನಾನೇ. ಹತ್ತು ನಿಮಿಷದ ಹಿಂದೆ ಅಮ್ಮನ ಠೇವಣಿಯ ಬಡ್ಡಿ ನೋಡಲು ಕುಳಿತಿದ್ದೆ.

ನಮ್ಮ ಮನೆಯ ಪಾಸ್‌ವರ್ಡ್‌ಗಳಿಗೆಲ್ಲ ನಾನೇ ಶಾನುಭೋಗಿಣಿ. ಅಪ್ಪನ ಪಿಂಚಣಿ ಖಾತೆ, ಅಮ್ಮನ ಠೇವಣಿ, ಅತ್ತೆಯ ಗ್ಯಾಸ್ ಸಿಲಿಂಡರ್, ಗಂಡನ ಆದಾಯ ತೆರಿಗೆ, ನನ್ನವು, ಎಲ್ಲ ಸೇರಿ ಇನ್ನೂರ ಚಿಲ್ಲರೆ. (ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹೇಳುತ್ತಲೇ ಇರುತ್ತಾರೆ. ಎಪ್ಪತ್ತು ದಾಟಿದವರಿರುವ ಮನೆಗಳಲ್ಲಿ ನಡೆಯುವುದೇನು ಎಂಬುದು ಅವರಿಗೂ ಗೊತ್ತಿದೆ.) ಎಲ್ಲವನ್ನೂ ಒಂದು ಪಾಸ್‌ವರ್ಡ್ ಮ್ಯಾನೇಜರ್‌ಗೆ, ಅಂದರೆ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಂಡು ತಾನೇ ತುಂಬಿಸುವ ತಂತ್ರಾಂಶಕ್ಕೆ, ಒಪ್ಪಿಸಿ ನೆಮ್ಮದಿಯಾಗಿದ್ದೆ.

ಅಂದು ಆದದ್ದಿಷ್ಟು. ಅಪ್ಪ ಅಮ್ಮ ಒಂದೇ ದಿನ, ಒಂದೇ ಶಾಖೆಯಲ್ಲಿ ಖಾತೆ ತೆರೆದವರು. ಇಬ್ಬರ ಗ್ರಾಹಕ ಸಂಖ್ಯೆಯಲ್ಲಿ ವ್ಯತ್ಯಾಸ ಕೊನೆಯ ಒಂದು ಅಂಕಿ ಮಾತ್ರ. ಪುಟ ತೆರೆದ ಕೂಡಲೇ ಮ್ಯಾನೇಜರ್ ತಾನಾಗಿ ಒಂದು ಸಂಖ್ಯೆ, ಒಂದು ಸಾಲು ಚುಕ್ಕಿ ತುಂಬಿಸಿತು. ಹಿಂದಿನ ಸಲ ಬಳಸಿದ್ದು ಅಪ್ಪನದಾದ್ದರಿಂದ ಅಪ್ಪನದನ್ನೇ ತುಂಬಿಸಿತ್ತು. ನಾನು ಕೊನೆಯ ಅಂಕಿ ನೋಡಲಿಲ್ಲ. ಅಪ್ಪ ಅದರ ಹಿಂದಿನ ವಾರವೇ ಪಾಸ್‌ವರ್ಡ್ ಬದಲಾಯಿಸಿ, ನನಗೆ ಹೇಳದೆ ಡೈರಿಯಲ್ಲಿ ಬರೆದುಕೊಂಡಿದ್ದರು. ಮೊದಲ ಸಲ ತಪ್ಪು ಎಂದಾಗ ಕ್ಯಾಪ್ಚಾ ತಪ್ಪಿರಬೇಕು ಎಂದುಕೊಂಡೆ. ಎರಡನೆಯ ಸಲವೂ ಹಾಗೆಯೇ ಎಂದುಕೊಂಡೆ. ಆ ವಕ್ರ ಅಕ್ಷರಗಳನ್ನು ನೋಡಿದವರು ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಮೂರನೆಯದಕ್ಕೆ ಬಾಗಿಲು ಮುಚ್ಚಿತು.

ತಪ್ಪಿನಲ್ಲಿ ನನ್ನ ಪಾಲಿದೆ, ಒಪ್ಪಿದೆ. ಆದರೆ ನನ್ನ ತಕರಾರು ಇಷ್ಟೇ: ಆ ಪುಟಕ್ಕೆ ಎರಡು ಖಾತೆಗಳು ಹೊಂದುತ್ತವೆ ಎಂದು ಮ್ಯಾನೇಜರ್‌ಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಆತುರ ಇದು. ಈ ತಂತ್ರಾಂಶಗಳನ್ನು ಮಾಡಿದವರ ಕಣ್ಣ ಮುಂದಿರುವುದು ಒಬ್ಬ ಮನುಷ್ಯ, ಅವನ ಒಂದು ಲ್ಯಾಪ್‌ಟಾಪ್, ಪ್ರತಿ ಜಾಲತಾಣದಲ್ಲಿ ಒಂದು ಖಾತೆ. ಒಂದೇ ಬ್ಯಾಂಕಿನಲ್ಲಿ ನಾಲ್ವರ ಖಾತೆ ಇಟ್ಟುಕೊಂಡು, ನಾಲ್ಕನ್ನೂ ಮಗಳೋ ಸೊಸೆಯೋ ನೋಡಿಕೊಳ್ಳುವ ಮನೆ ಅವರ ಲೆಕ್ಕದಲ್ಲೇ ಇಲ್ಲ.

ಹೊಂದಿಕೆ ನೋಡುವ ಬಗೆಯೂ ಅಷ್ಟೇ ಧಾರಾಳ. ಸೇವಾ ಸಿಂಧು, ಆಸ್ತಿ ನೋಂದಣಿಯ ಕಾವೇರಿ, ಭೂಮಿಯ ಪಹಣಿ ಪುಟ, ಮೂರೂ ಬೇರೆ ಬೇರೆ ಸೇವೆಗಳು, ಬೇರೆ ಬೇರೆ ಲಾಗಿನ್. ಆದರೆ ಮೂರರ ವಿಳಾಸವೂ ಮುಗಿಯುವುದು ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದೇ. ವಿಳಾಸದ ಈ ಬಾಲವನ್ನಷ್ಟೇ ಹೋಲಿಸಿ ನೋಡುವ ಮ್ಯಾನೇಜರ್‌ಗೆ ಮೂರೂ ಒಂದೇ ಮನೆ. ನೋಂದಣಿಯ ಪುಟದಲ್ಲಿ ಕುಳಿತವರ ಮುಂದೆ ಉಳಿದೆರಡು ಸೇವೆಗಳ ಲಾಗಿನ್‌ಗಳನ್ನೂ ತಂದು ಹರಡುತ್ತದೆ. ಬಿಟ್‌ವಾರ್ಡನ್ ಎಂಬ ಮ್ಯಾನೇಜರ್‌ನಲ್ಲಿ ಇದನ್ನು ಪ್ರತಿ ಖಾತೆಗೂ ಪ್ರತ್ಯೇಕವಾಗಿ ಬಿಗಿ ಮಾಡಬಹುದು: ಮೂಲ ಡೊಮೇನ್ ಎಂದಿರುವುದನ್ನು ಹೋಸ್ಟ್ ಎಂದು ಬದಲಾಯಿಸಿದರೆ ವಿಳಾಸದ ತಲೆಯೂ ಹೊಂದಬೇಕಾಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ಅಂಥ ಒಂದು ಆಯ್ಕೆ ಇದೆ ಎಂದು ತಿಳಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಕೀಲಿಮಣೆಯ ಕೀಲಿಗಳನ್ನು ನಮ್ಮ ಪರವಾಗಿ ತಾನೇ ಒತ್ತುವ ಬಗೆಯ ಮ್ಯಾನೇಜರ್‌ಗಳದು ಇನ್ನೊಂದು ಕಥೆ. ಅವು ನೋಡುವುದು ಜಾಲತಾಣದ ವಿಳಾಸವನ್ನಲ್ಲ, ತೆರೆಯ ಮೇಲಿನ ಕಿಟಕಿಯ (ವಿಂಡೋ) ನೆತ್ತಿಯ ಮೇಲಿರುವ ಹೆಸರನ್ನು. ಹಿಂದೆ ಕಚೇರಿಯಲ್ಲಿ ಅಂಥದ್ದನ್ನು ಬಳಸುತ್ತಿದ್ದೆ. ಸಂಬಳದ ತಾಣಕ್ಕೆ ‘ಪೇರೋಲ್’ ಎಂದು ಹೆಸರಿಟ್ಟಿದ್ದೆ. ಒಂದು ಸಭೆಯಲ್ಲಿ ಪ್ರೊಜೆಕ್ಟರ್‌ಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿತ್ತು. ಬ್ರೌಸರ್ ಮುಂದಿದೆ ಎಂದುಕೊಂಡು, ಪಾಸ್‌ವರ್ಡ್ ತುಂಬಿಸು ಎನ್ನುವ ಕೀಲಿ ಒತ್ತಿದೆ. ಮುಂದಿದ್ದದ್ದು ಎಕ್ಸೆಲ್. ಕಡತದ ಹೆಸರೂ ಪೇರೋಲ್. ಹೆಸರು ಹೊಂದಿತು, ಹೊಂದಿದ್ದು ಒಂದೇ, ಇನ್ನು ಕೇಳುವುದೇನಿದೆ? ಒಂದು ಚೌಕದಲ್ಲಿ ನನ್ನ ಹೆಸರು ಅಕ್ಷರ ಅಕ್ಷರವಾಗಿ ಮೂಡಿತು. ಟ್ಯಾಬ್. ಪಕ್ಕದ ಚೌಕದಲ್ಲಿ ಪಾಸ್‌ವರ್ಡ್. ಎಂಟರ್. ಗೋಡೆಯ ಮೇಲೆ, ಆಳೆತ್ತರಕ್ಕೆ, ಅಚ್ಚುಕಟ್ಟಾಗಿ ಎರಡು ಕಾಲಮ್‌ಗಳಲ್ಲಿ. ಹಿಂದಿನ ಸಾಲಿನಿಂದ ಯಾರೋ ‘ಒಳ್ಳೆಯ ಪಾಸ್‌ವರ್ಡ್ ಮೇಡಂ’ ಎಂದರು.

ಈ ಬಗೆಯವುಗಳಲ್ಲಿ ಹಳೆಯದಾದ, 2003ರಿಂದ ಇರುವ ಕೀಪಾಸ್‌ನಲ್ಲಿ, ಅದರ ಸೋದರ ಕೀಪಾಸ್‌ಎಕ್ಸ್‌ಸಿಯಲ್ಲಿ, ಇದಕ್ಕೆ ಮದ್ದು ಇದೆ. ಹೊಂದುವುದು ಒಂದೇ ಆದರೂ ಪ್ರತಿ ಸಲ ಪಟ್ಟಿ ತೋರಿಸು, ನಾನು ಆರಿಸಿದ ಮೇಲೆ ಒತ್ತು ಎಂದು ಹೇಳಿಡಬಹುದು. ಕೀಪಾಸ್‌ಎಕ್ಸ್‌ಸಿಯಲ್ಲಿ ಇದು ಮೊದಲೇ ಆನ್ ಆಗಿರುತ್ತದೆ, ಕೀಪಾಸ್‌ನಲ್ಲಿ ಮಾತ್ರ ಸೆಟ್ಟಿಂಗ್ಸ್ ಒಳಗೆ ಹೋಗಿ ಗುರುತು ಹಾಕಬೇಕು. ಅನುಕೂಲ ಎದ್ದು ಕಾಣುವಂತೆ, ಎಚ್ಚರ ಹುಡುಕಿದರೆ ಸಿಗುವಂತೆ ಇಡುವ ಈ ಎರಡನೆಯ ಕ್ರಮವೇ ನನಗೆ ಹಿಡಿಸುವುದಿಲ್ಲ.

ಗೆಳತಿಯೊಬ್ಬಳು ಇದನ್ನು ಒಪ್ಪುವುದಿಲ್ಲ. ಪ್ರತಿ ಸಲ ಕೇಳಿದರೆ ಜನ ನೋಡದೆಯೇ ಮೊದಲನೆಯದನ್ನು ಒತ್ತುತ್ತಾರೆ, ಆಗ ಕೇಳಿದ್ದೂ ದಂಡ ಎನ್ನುತ್ತಾಳೆ. ಮಾತು ಸುಳ್ಳಲ್ಲ. ದಿನಪತ್ರಿಕೆಯ ಚಂದಾ ಖಾತೆಗೆ ಯಾರೂ ನನ್ನನ್ನು ಏನೂ ಕೇಳಬೇಕಾಗಿಲ್ಲ. ಹಣ ಮತ್ತು ದಾಖಲೆಪತ್ರ ಇರುವ ಕಡೆ ಮಾತ್ರ ಕೇಳಲಿ. ಪುಟ ತೆರೆದೊಡನೆ ತುಂಬಿಸುವುದನ್ನಂತೂ ಎಲ್ಲ ಕಡೆಯೂ ನಿಲ್ಲಿಸಿಬಿಡಿ. 2017ರ ಡಿಸೆಂಬರ್‌ನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದು ಇದನ್ನೇ: ಜಾಹೀರಾತಿಗಾಗಿ ಜನರ ಜಾಡು ಹಿಡಿಯುವ ಕೆಲವು ಸ್ಕ್ರಿಪ್ಟ್‌ಗಳು ಪುಟದಲ್ಲಿ ಕಣ್ಣಿಗೆ ಕಾಣದ ಲಾಗಿನ್ ಫಾರಂ ಇಡುತ್ತಿದ್ದವು. ಬ್ರೌಸರ್ ಅದನ್ನು ತಾನಾಗಿ ತುಂಬಿಸುತ್ತಿತ್ತು. ಅವು ಇಮೇಲ್ ವಿಳಾಸವನ್ನು ಎತ್ತಿಕೊಳ್ಳುತ್ತಿದ್ದವು. ಓದುಗ ಒಂದು ಗುಂಡಿಯನ್ನೂ ಒತ್ತಿರುತ್ತಿರಲಿಲ್ಲ.

ಹಾಗೆಂದು ಮ್ಯಾನೇಜರ್‌ನ ಎಲ್ಲ ಹಟವೂ ಕೆಟ್ಟದ್ದಲ್ಲ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬರಬೇಕು ಎಂದು ಹೇಳಿತಲ್ಲ, ಆ ಬದಲಾವಣೆ ಆದ ಮೇಲೆ ನಮ್ಮ ಬ್ಯಾಂಕಿನ ಪುಟದಲ್ಲಿ ಮ್ಯಾನೇಜರ್ ಮೌನವಾಯಿತು. ವಿಳಾಸ ಹೊಸದು, ಅದಕ್ಕೆ ಪರಿಚಯವಿಲ್ಲ. ಪಾಸ್‌ವರ್ಡ್ ಕಾಪಿ ಮಾಡಿ ಅಂಟಿಸೋಣ ಎಂದು ಕೈ ಹೋಯಿತು. ತಡೆದೆ. ನಕಲಿ ಪುಟದಲ್ಲಿಯೂ ಅದು ಹೀಗೆಯೇ ಸುಮ್ಮನಿರುತ್ತದೆ. ಹಳೆಯ ವಿಳಾಸವನ್ನು ನಾನೇ ಬೆರಳಚ್ಚಿಸಿ, ಅದು ಹೊಸದಕ್ಕೆ ಕರೆದೊಯ್ಯುತ್ತದೆ ಎಂದು ನೋಡಿ, ಆಮೇಲೆ ಅದೇ ನಮೂದಿಗೆ ಎರಡನೆಯ ವಿಳಾಸವಾಗಿ ಸೇರಿಸಿದೆ.

ಅಪ್ಪನ ಫೋನ್ ಬಂದ ದಿನ ಸಂಜೆ ಕುಳಿತು ಎಲ್ಲ ನಮೂದುಗಳ ಹೆಸರು ಬದಲಾಯಿಸಿದೆ. ತಂತ್ರಾಂಶ ತಾನಾಗಿ ಉಳಿಸಿಕೊಂಡಾಗ ಎರಡಕ್ಕೂ ಬ್ಯಾಂಕಿನ ಹೆಸರನ್ನೇ ಇಟ್ಟಿತ್ತು. ಈಗ ಮೊದಲು ಮನುಷ್ಯರ ಹೆಸರು ಬರುತ್ತದೆ: ‘ಅಪ್ಪ, ಪಿಂಚಣಿ’, ‘ಅಮ್ಮ, ಠೇವಣಿ’. ತಾನಾಗಿ ತುಂಬುವುದನ್ನು ನಿಲ್ಲಿಸಿದ್ದೇನೆ. ಪುಟ ಖಾಲಿಯಾಗಿ ತೆರೆದುಕೊಳ್ಳುತ್ತದೆ, ನಾನು ಪಟ್ಟಿ ಬಿಚ್ಚಿ ಒಬ್ಬರನ್ನು ಆರಿಸುತ್ತೇನೆ.

ಅಪ್ಪ ಶಾಖೆಗೆ ಹೋಗಿ, ಅರ್ಜಿ ಬರೆದುಕೊಟ್ಟು, ಖಾತೆ ತೆರೆಸಿಕೊಂಡು ಬಂದರು. ಹೊಸ ಪಾಸ್‌ವರ್ಡ್ ಏನು ಎಂದು ಕೇಳಿದೆ. ‘ಸದ್ಯಕ್ಕೆ ಡೈರಿಯಲ್ಲೇ ಇರಲಿ ಬಿಡು’ ಎಂದರು.