ಮುಳುಗದೆ ನಿಂತ ಕಾರು

ಹದಿಹರೆಯದಲ್ಲಿ ನಮ್ಮನ್ನು ಹೆದರಿಸಿದ ಚಿತ್ರವನ್ನು ನಡುವಯಸ್ಸಿನಲ್ಲಿ ಮತ್ತೆ ನೋಡಲು ಕೂರುವಾಗ, ಈಗೇನು ಹೆದರುವುದಿದೆ ಎಂಬ ಸಣ್ಣ ಹಮ್ಮು ಜೊತೆಯಲ್ಲೇ ಬಂದು ಕೂರುತ್ತದೆ. 1960ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಕಪ್ಪುಬಿಳುಪಿನಲ್ಲಿ ತೆಗೆದ ‘ಸೈಕೋ’ವನ್ನು ಮೊನ್ನೆ ಮತ್ತೆ ನೋಡುವಾಗ ನನ್ನಲ್ಲಿ ಅದು ಧಾರಾಳವಾಗಿಯೇ ಇತ್ತು. ಸ್ನಾನದ ಮನೆಯ ಕೊಲೆಯ ಕುರಿತು ಅಷ್ಟರಲ್ಲಿ ಬೇಕಾದಷ್ಟು ಓದಿಕೊಂಡಿದ್ದೆ. ಅಲ್ಲಿ ನೀರಿನೊಡನೆ ಹರಿದುಹೋಗುವುದು ಚಾಕೊಲೇಟ್ ಸಿರಪ್. ಒಂದು ನಿಮಿಷವೂ ತುಂಬದ ಆ ಇರಿತಕ್ಕೆ ವಾರವಿಡೀ ಚಿತ್ರೀಕರಣ ನಡೆದಿತ್ತು. ಹಿಚ್‌ಕಾಕ್ ಅಲ್ಲಿ ಸಂಗೀತವೇ ಬೇಡವೆಂದಿದ್ದರೂ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ ಆ ಚೀತ್ಕಾರವನ್ನು ಹೊರಡಿಸಿದ್ದರು. ಇಷ್ಟೆಲ್ಲ ತಿಳಿದವನನ್ನು ಚಾಕು ಏನು ಮಾಡೀತು? ಒಂದು ಕಾಲದಲ್ಲಿ, ಸೋಪಿನ ನೊರೆ ಕಣ್ಣಿಗಿಳಿದು ಉರಿಯುತ್ತಿದ್ದರೂ ಕಣ್ಣು ಮುಚ್ಚದೆ, ಬಾಗಿಲನ್ನೇ ನೋಡುತ್ತ ಸ್ನಾನ ಮುಗಿಸುತ್ತಿದ್ದ ನಾನು, ಈಗ ಅದನ್ನು ಸಂಕಲನಕಲೆಯ ಪಾಠದಂತೆ ತಣ್ಣಗೆ ನೋಡಿದೆ.

ಹೆದರಿಕೆ ಬಂದದ್ದು ಬೇರೆ ಕಡೆಯಿಂದ. ಅಂದು ಯಾವಾಗ ಮುಗಿಯುವುದೋ ಎಂದು ಚಡಪಡಿಸುತ್ತ ನೋಡಿದ್ದ ಮಾತುಕತೆಯೊಂದಿದೆ. ರಸ್ತೆಬದಿಯ ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್ ತನ್ನಲ್ಲಿ ತಂಗಲು ಬಂದ ಮೇರಿಯನ್‌ಗೆ ಸ್ಯಾಂಡ್‌ವಿಚ್ಚು, ಹಾಲು ಕೊಟ್ಟು, ಸತ್ತರೂ ರೆಕ್ಕೆ ಬಿಚ್ಚಿ ನಿಂತ ಹಕ್ಕಿಗಳ ನಡುವೆ ಕುಳಿತು, ಸಂಕೋಚದಿಂದ ತಡವರಿಸುತ್ತ ತಾಯಿಯ ವಿಷಯ ಹೇಳುತ್ತಾನೆ. ತಾಯಿಯನ್ನು ಎಲ್ಲಾದರೂ ಸೇರಿಸಬಾರದೇ ಎಂದು ಅವಳು ಮೆಲ್ಲಗೆ ಕೇಳುತ್ತಲೇ ನಾರ್ಮನ್ ಪಾತ್ರದ ಆಂಟನಿ ಪರ್ಕಿನ್ಸ್ ಮುಂದಕ್ಕೆ ಬಾಗುತ್ತಾರೆ; ಮುಖದ ನಗು ಆರುತ್ತದೆ, ತಡವರಿಕೆಯೂ ಇಲ್ಲವಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ವಿನಯ. ಇಂಥ ವಿನಯವನ್ನು ಬದುಕಿನಲ್ಲಿ ಒಂದೆರಡು ಕಡೆ ಕಂಡವರಿಗೆ ಚಾಕುವಿನ ಅಗತ್ಯವೇ ಬೀಳುವುದಿಲ್ಲ.

ಸ್ನಾನದ ಮನೆಯಲ್ಲಿ ಮೇರಿಯನ್ ಕೊಲೆಯಾದ ನಂತರದ ಭಾಗವಂತೂ ನನಗೆ ನೆನಪೇ ಇರಲಿಲ್ಲ. ನಾರ್ಮನ್ ನೆಲ ಒರೆಸುತ್ತಾನೆ, ತೊಟ್ಟಿ ತೊಳೆಯುತ್ತಾನೆ, ಹೆಣವನ್ನು ಸ್ನಾನದ ಮನೆಯ ಪರದೆಯಲ್ಲೇ ಸುತ್ತಿ ಕಾರಿನ ಡಿಕ್ಕಿಗೆ ಹಾಕುತ್ತಾನೆ; ಅವಳು ಕದ್ದು ತಂದ 40,000 ಡಾಲರ್ ಮಡಚಿದ ಪತ್ರಿಕೆಯೊಳಗಿದೆ ಎಂಬುದನ್ನು ತಿಳಿಯದೆ ಅದನ್ನೂ ಅಲ್ಲಿಗೇ ಎಸೆಯುತ್ತಾನೆ. ಹೆಚ್ಚುಕಡಿಮೆ ಮಾತೇ ಇಲ್ಲದ, ಮನೆಗೆಲಸದಷ್ಟೇ ಅಚ್ಚುಕಟ್ಟಾದ ಕೆಲಸ. ಆಮೇಲೆ ಕಾರನ್ನು ಜೌಗಿಗೆ ತಳ್ಳಿ, ಏನನ್ನೋ ಜಗಿಯುತ್ತ ನಿಲ್ಲುತ್ತಾನೆ. ಕಾರು ಅರ್ಧ ಮುಳುಗಿ ತಟಕ್ಕನೆ ನಿಲ್ಲುತ್ತದೆ. ಜಗಿಯುವುದು ನಿಲ್ಲುತ್ತದೆ, ಅವನು ಅತ್ತಿತ್ತ ನೋಡುತ್ತಾನೆ. ಇತ್ತ ಕುರ್ಚಿಯ ತುದಿಗೆ ಸರಿದಿದ್ದ ನಾನು, ಕಾರು ಒಮ್ಮೆ ಮುಳುಗಿಬಿಡಲಿ ಎಂದು ಮನಸಾರೆ ಬಯಸುತ್ತಿದ್ದೆ. ಅದು ಮುಳುಗಿದಾಗ ನಿಟ್ಟುಸಿರನ್ನೂ ಬಿಟ್ಟೆ. ಕೆಲವೇ ನಿಮಿಷಗಳ ಹಿಂದೆ ಆ ಹೆಣ್ಣಿಗಾಗಿ ಮರುಗಿದವನು ನಾನೇ.

ಕೊನೆಯಲ್ಲಿ ಮನೋವೈದ್ಯರೊಬ್ಬರು ಬಂದು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಅಂದು ಆ ವಿವರಣೆಯ ಬಲದಿಂದಲೇ ರಾತ್ರಿ ಒಂದಿಷ್ಟು ನಿದ್ದೆ ಬಂದಿತ್ತು. ಈ ಸಲ ಅದು ಅನಗತ್ಯವಾಗಿ ಉದ್ದವಾಯಿತು ಎನಿಸಿತು. ನಾರ್ಮನ್ ಹಾಗೇಕಾದ ಎಂಬುದಕ್ಕೆ ಅವರಲ್ಲಿ ಬೇಕಾದಷ್ಟು ಕಾರಣಗಳಿದ್ದವು. ಆ ಕಾರು ಮುಳುಗಲೆಂದು ನಾನೇಕೆ ಬಯಸಿದೆ ಎಂಬುದಕ್ಕೆ ಮಾತ್ರ ಒಂದೂ ಇರಲಿಲ್ಲ.