ಬೆಳ್ಳಗಿರೋದೆಲ್ಲ ಆಲಲ್ಲ

ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡ ಬಲು ದುಬಾರಿ ಭಾಷೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮದಕ್ಕೆ ಮೂರು ಬೇಕು. ಅದೂ ಅಕ್ಷರಕ್ಕೆ ಮಾತ್ರವಲ್ಲ. ಕೊಂಬಿಗೆ ಮೂರು, ದೀರ್ಘಕ್ಕೆ ಮೂರು, ಒತ್ತು ಕೊಡಬೇಕೆಂದರೆ ನಡುವೆ ಕಾಣದ ಹಾಗೆ ಕೂತಿರುವ ಹಲಂತಕ್ಕೂ ಮೂರು. 'ಕನ್ನಡ' ಎಂದು ಬರೆದರೆ ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡಿನ ಕಣ್ಣಿಗೆ ಐದು, ಡಿಸ್ಕಿನಲ್ಲಿ 15 ಬೈಟ್. ಅದನ್ನೇ ಇಂಗ್ಲಿಷಿನಲ್ಲಿ ಗೀಚಿದರೆ ಏಳು ಬೈಟಿಗೆ ಮುಗಿಯುತ್ತದೆ. ಇದನ್ನು ನಮ್ಮ ದೊಡ್ಡಪ್ಪನಿಗೆ ಹೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು, "ತೂಕದ ಭಾಷೆ ಕಣಯ್ಯಾ, ತೂಗದೆ ಇನ್ನೇನು ಮಾಡುತ್ತೆ?" ಎಂದರು.

ದೊಡ್ಡಪ್ಪ ಅರಕಲಗೂಡು ಕಡೆಯ ಹಳ್ಳಿಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಸರ್ವಿಸಿನುದ್ದಕ್ಕೂ ಗಾದೆ ಕೂಡಿಟ್ಟವರು. ನೋಟುಬುಕ್ಕು ತುಂಬಿದ ಮೇಲೆ ಹಾಜರಿ ಪುಸ್ತಕದ ಹಿಂಬದಿ, ಅದೂ ತುಂಬಿದ ಮೇಲೆ ಕ್ಯಾಲೆಂಡರಿನ ಬೆನ್ನು. ಇದನ್ನೆಲ್ಲ ಇಂಜಿನಿಯರಿಂಗ್ ಓದುತ್ತಿರುವ ಅವರ ಮೊಮ್ಮಗ ಟೈಪು ಮಾಡಿ, ಅರ್ಥಸಮೇತ ಒಂದು ವೆಬ್‌ಸೈಟಿಗೆ ಏರಿಸಿದ. ಪುಟ ಒಂದೇ. 'ಮುಂದಿನ ಪುಟ' ಎಂಬುದರಲ್ಲಿ ದೊಡ್ಡಪ್ಪನಿಗೆ ನಂಬಿಕೆಯಿಲ್ಲ. ಮಕ್ಕಳು ಮುಂದಿನ ಪುಟಕ್ಕೆ ಹೋಗುವುದಿಲ್ಲ ಎಂಬುದು ಅವರ ವೃತ್ತಿಜೀವನದ ಅನುಭವ. ಹುಡುಕಲು ಒಂದು ಪೆಟ್ಟಿಗೆ, ಅದರ ಹಿಂದೆ ಎಲ್ಲ ಗಾದೆಗಳನ್ನೂ ಹೊತ್ತ ಒಂದು ಜಾವಾಸ್ಕ್ರಿಪ್ಟ್ ಫೈಲು. ಅಕ್ಷರಕ್ಕೆ ಮೂರು ಬೈಟಿನಂತೆ ಅದು ಒಂದೂವರೆ ಎಂಬಿಗೆ ಬಂದು ನಿಂತಿತ್ತು.

ಹಾಸನದ ಹಾಸ್ಟೆಲಿನಲ್ಲಿ ಅದು ಕಣ್ಣು ಮಿಟುಕಿಸುವುದರಲ್ಲಿ ತೆರೆಯುತ್ತಿತ್ತು. ಊರಿನಲ್ಲಿ ಸಿಗ್ನಲ್ ಇರುವುದು ಹಿತ್ತಿಲ ಕಲ್ಲಿನ ಹತ್ತಿರ ಮಾತ್ರ, ಅದೂ ಮೊಬೈಲನ್ನು ಒಂದು ಕೋನದಲ್ಲಿ ಹಿಡಿದರೆ. ದೊಡ್ಡಮ್ಮ ಫೋನು ಮಾಡಿದರು. "ನಿಮ್ಮ ದೊಡ್ಡಪ್ಪನ ಗಾದೆ ಇನ್ನೂ ಸುತ್ತುತ್ತಾನೇ ಐತೆ ಕಣಪ್ಪ. ನಾನು ಅಷ್ಟೊತ್ತಿಗೆ ರಾಗಿಹಿಟ್ಟು ಜರಡಿ ಹಿಡಿದು ಮುಗಿಸ್ದೆ."

ಮನೆತನದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವವನು ನಾನೊಬ್ಬನೇ. ಹಾಗಾಗಿ ಪ್ರಿಂಟರು, ಮಿಕ್ಸಿ, ಆಧಾರ್ ಕಾರ್ಡಿನಲ್ಲಿ ತಪ್ಪಾದ ಹೆಸರು, ಎಲ್ಲಕ್ಕೂ ನಾನೇ. ಮೈಸೂರಿನಿಂದಲೇ ಬ್ರೌಸರಿನ ನೆಟ್‌ವರ್ಕ್ ಕಿಟಕಿ ತೆರೆದು ನೋಡಿದೆ. ನಾಲ್ಕು ಕೆಬಿಯ ಎಚ್‌ಟಿಎಂಎಲ್ ಪುಟ ಶಿಸ್ತಾಗಿ ಕಂಪ್ರೆಸ್ ಆಗಿ ಬರುತ್ತಿತ್ತು. ಒಂದೂವರೆ ಎಂಬಿಯ ಗಾದೆಯ ಫೈಲು ಮಾತ್ರ ಇದ್ದ ಮೈಯಲ್ಲೇ, ಒಂದು ಬೈಟೂ ಕರಗದೆ ಇಳಿಯುತ್ತಿತ್ತು.

ಸರ್ವರ್ ಎಂಜಿನ್‌ಎಕ್ಸ್. ಅದರಲ್ಲಿ ಫೈಲನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಕಂಪ್ರೆಷನ್ ತಾನಾಗಿ ಶುರುವಾಗುವುದಿಲ್ಲ, ಶುರು ಮಾಡಬೇಕು. ಮಾಡಿದರೂ ಅದು ಕುಗ್ಗಿಸುವುದು ಎಚ್‌ಟಿಎಂಎಲ್ ಒಂದನ್ನೇ. ಮಿಕ್ಕಿದ್ದು ಬೇಕೆಂದರೆ ಯಾವ ಯಾವ ಬಗೆಯ ಫೈಲು ಎಂದು ಪಟ್ಟಿ ಕೊಡಬೇಕು. ಹುಡುಗ ಕೊಟ್ಟಿದ್ದ. ಪಟ್ಟಿಯಲ್ಲಿ 'ಟೆಕ್ಸ್ಟ್/ಜಾವಾಸ್ಕ್ರಿಪ್ಟ್' ಎಂದಿತ್ತು. ಆದರೆ ಅದೇ ಸರ್ವರ್ ತನ್ನ ಇನ್ನೊಂದು ಕೋಷ್ಟಕ ನೋಡಿಕೊಂಡು ಆ ಫೈಲನ್ನು 'ಅಪ್ಲಿಕೇಶನ್/ಜಾವಾಸ್ಕ್ರಿಪ್ಟ್' ಎಂದು ಕರೆಯುತ್ತಿತ್ತು. ಒಂದೇ ಫೈಲು, ಒಂದೇ ಸರ್ವರು, ಹೆಸರು ಮಾತ್ರ ಬೇರೆ. ಎಂಜಿನ್‌ಎಕ್ಸ್‌ಗೆ ಅಷ್ಟೇ ಸಾಕು: ಪಟ್ಟಿಯಲ್ಲಿಲ್ಲ, ಆಗಲ್ಲ. ತಾಲ್ಲೂಕು ಕಚೇರಿಯಲ್ಲಿ ಇನಿಷಿಯಲ್ ಹೊಂದದೆ ವಾಪಸು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗನನ್ನು ಬೈಯುವ ಹಾಗೂ ಇರಲಿಲ್ಲ. ಇಂಟರ್ನೆಟ್ಟಿನ ನಿಯಮ ಬರೆಯುವ ದೊಡ್ಡವರೇ 2006ರಲ್ಲಿ "ಟೆಕ್ಸ್ಟ್ ಅನ್ನುವುದು ಹಳೆಯದಾಯಿತು, ಅಪ್ಲಿಕೇಶನ್ ಅನ್ನಿ" ಎಂದು ಬರೆದು, ಲೋಕವೆಲ್ಲ ಹಾಗೆ ಬದಲಾಯಿಸಿಕೊಳ್ಳುವ ಹೊತ್ತಿಗೆ 2022ರಲ್ಲಿ "ಅಪ್ಲಿಕೇಶನ್ ಬೇಡ, ಟೆಕ್ಸ್ಟೇ ಸರಿ" ಎಂದು ತಿರುಗಿಸಿದರು. ಹುಡುಗ ಹೊಸ ನಿಯಮ ಓದಿದ್ದ, ಸರ್ವರ್ ಹಳೆಯದನ್ನು ಓದಿತ್ತು. ನಾನು ಪಟ್ಟಿಗೆ ಎರಡೂ ಹೆಸರು ಸೇರಿಸಿದೆ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ದೊಡ್ಡಪ್ಪ ಅಂದರು: "ಶಂಖದಿಂದ ಬಂದ್ರೇ ತೀರ್ಥ. ನಮ್ಮ ಪಟ್ಟೀಲೇ ಇದೆ, ನೋಡು." ನೋಡಿದೆ. ಇತ್ತು.

ಫೈಲು ಮುನ್ನೂರು ಕೆಬಿ ಆಸುಪಾಸಿಗೆ ಇಳಿಯಿತು. ದೊಡ್ಡಮ್ಮನ ಮೊಬೈಲಿನಲ್ಲಿ ಗಾದೆ ಮೂಡಿತು. ಐದರಲ್ಲಿ ನಾಲ್ಕು ಪಾಲು ಎಲ್ಲಿಗೆ ಹೋಯಿತು, ಗಾದೆ ಏನಾದರೂ ಕಡಿಮೆಯಾಯಿತೇ ಎಂಬುದು ದೊಡ್ಡಪ್ಪನ ಆತಂಕ. ವಿವರಿಸಬೇಕಾಯಿತು. ವಿವರಿಸಲು ಅವರ ಸಂಗ್ರಹದಷ್ಟು ಒಳ್ಳೆಯ ಸಾಮಗ್ರಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. 'ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ' ಎಂಬುದನ್ನೇ ತೆಗೆದುಕೊಳ್ಳಿ. ಅಲ್ಪವಿರಾಮದ ಆಚೆಗೆ ಹೊಸದೇನೂ ಇಲ್ಲ. ಜಿಜಿಪ್ ಅಲ್ಲಿಗೆ ಬಂದಾಗ 'ಮದುವೆ' ಎಂದು ಮತ್ತೆ ಬರೆಯುವುದಿಲ್ಲ, 'ಇಷ್ಟು ಹಿಂದಕ್ಕೆ ಹೋಗು, ಇಷ್ಟು ಎತ್ತಿಕೊ' ಎಂದು ಚೀಟಿ ಇಡುತ್ತದೆ. ಅದರ ನೆನಪು ಹಿಂದಿನ 32 ಕೆಬಿಯಷ್ಟೇ, ಆದರೆ ಗಾದೆ ಮಾತಿನಲ್ಲಿ ಅತ್ತೆ, ಸೊಸೆ, ನಾಯಿ, ನೀರು ಅಷ್ಟರೊಳಗೆ ಬೇಕಾದಷ್ಟು ಸಲ ಬಂದು ಹೋಗುತ್ತವೆ. ಈ ಉಪಾಯ ಲೆಂಪೆಲ್ ಮತ್ತು ಝಿವ್ ಎಂಬ ಇಬ್ಬರು 1977ರಲ್ಲಿ ಪ್ರಕಟಿಸಿದ್ದು. ಆಮೇಲೆ, ಹೆಚ್ಚು ಬಳಕೆಯಾಗುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ ಸಂಕೇತ ಎಂಬ ಎರಡನೇ ಸುತ್ತು. ಕನ್ನಡದ ಪ್ರತಿ ಅಕ್ಷರದ ಮೂರು ಬೈಟಿನಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಮತ್ತೆ ಮತ್ತೆ ಅದೇ ಬರುವುದರಿಂದ ಅವಕ್ಕೆ ತಗಲುವ ಖರ್ಚು ತೀರ ಕಡಿಮೆ. ಕನ್ನಡ ದುಬಾರಿ ಎಂದು ವಸೂಲಿ ಮಾಡಿದ ಹೆಚ್ಚಿನ ದುಡ್ಡು ಬಹುಪಾಲು ಇಲ್ಲಿ ವಾಪಸು ಬರುತ್ತದೆ.

ಈ ಎರಡನೇ ಸುತ್ತನ್ನು ಕಂಡುಹಿಡಿದವನು ಡೇವಿಡ್ ಹಫ್‌ಮನ್. ಎಂಐಟಿಯಲ್ಲಿ ಓದುವಾಗ ಮೇಷ್ಟ್ರು, ಪ್ರಬಂಧ ಬರೆದರೆ ಕೊನೆಯ ಪರೀಕ್ಷೆ ಬರೆಯಬೇಕಿಲ್ಲ ಎಂದರಂತೆ. ಪರೀಕ್ಷೆ ತಪ್ಪಿಸಿಕೊಳ್ಳಲು ಹೊರಟವನು 1952ರಲ್ಲಿ ಪ್ರಕಟಿಸಿದ ಆ ಕೆಲಸದ ಮೇಲೆ ಇವತ್ತಿನ ಅರ್ಧ ಇಂಟರ್ನೆಟ್ ನಡೆಯುತ್ತಿದೆ. ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪರೀಕ್ಷೆ ನಡೆಸಿದವರು. "ನಮ್ಮ ಶಾಲೇಲೂ ತಪ್ಪಿಸಿಕೊಂಡೋರಿದ್ರು," ಎಂದರು ಕೊನೆಗೆ, "ಮಾವಿನ ತೋಪಿಗೆ ಹೋಗ್ತಿದ್ರು."

ಹುಡುಗನ ಉತ್ಸಾಹ ಇಲ್ಲಿಗೆ ನಿಲ್ಲಲಿಲ್ಲ. ಜಿಜಿಪ್‌ಗಿಂತ ಬ್ರಾಟ್ಲಿ ಎಂಬ ಇನ್ನೊಂದು ಕುಗ್ಗಿಸುವ ವಿಧಾನ ಮೇಲು, ಅದನ್ನು ಹಾಕೋಣ ಎಂದ. ಅದರ ಹೊಟ್ಟೆಯಲ್ಲೇ ಒಂದು ನಿಘಂಟು ಇರುತ್ತದೆ, ಸಾಮಾನ್ಯ ಪದಗಳನ್ನು ಕಳಿಸುವುದೇ ಬೇಕಿಲ್ಲ ಎಂದೂ ಹೇಳಿದ. ಹೇಳಬಾರದಿತ್ತು. ನಿಘಂಟು ಎಂದ ಕೂಡಲೇ ದೊಡ್ಡಪ್ಪ ನೆಟ್ಟಗೆ ಕೂತರು. ಯಾವ ಯಾವ ಭಾಷೆ? ಅದನ್ನು ಮಾಡಿದವರೇ ಕೊಟ್ಟ ಪಟ್ಟಿ ಇದೆ: ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಹಿಂದಿ, ರಷ್ಯನ್, ಅರಬ್ಬಿ. "ಹಿಂದಿ ಇದೆಯೋ?" ಇದೆ. "ಕನ್ನಡ?" ಹುಡುಗ ಚಾರ್ಜರ್ ಹುಡುಕುವ ನೆಪದಲ್ಲಿ ಎದ್ದುಹೋದ. ಆ ರಾತ್ರಿಯೇ ದೊಡ್ಡಪ್ಪ 'ಮಾನ್ಯರೇ' ಎಂದು ಒಂದು ಅರ್ಜಿ ಶುರು ಮಾಡಿದರು. ಆ ನಿಘಂಟು ಎಲ್ಲ ಬ್ರೌಸರುಗಳಲ್ಲೂ ಅಚ್ಚಾಗಿ ಕೂತಿದೆ, ಈಗ ಒಂದು ಪದ ಸೇರಿಸಿದರೂ ಹಳೆಯದ್ಯಾವುದೂ ಬಿಚ್ಚಿಕೊಳ್ಳುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, "ಏಕೀಕರಣ ಆಗೋದಿಲ್ಲ ಅಂತಾನೂ ಹೀಗೇ ಹೇಳ್ತಿದ್ರು" ಎಂದರು. ಬ್ರಾಟ್ಲಿ ಎಂದರೆ ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಬನ್ನು ಎಂದು ತಿಳಿದ ಮೇಲಂತೂ, ಮುದ್ದೆ ಉಣ್ಣುವ ಮನೆಗೆ ಅದು ಬೇಡವೇ ಬೇಡ ಎಂದು ತೀರ್ಮಾನವಾಯಿತು.

ಆಮೇಲೆ ಬಂತು ನಿಜವಾದ ತಾಪತ್ರಯ.

ಸಂಗ್ರಹದ ಎಷ್ಟೋ ಗಾದೆಗಳು ದೊಡ್ಡಮ್ಮನ ಬಾಯಿಂದ ಬಂದವು. ದೊಡ್ಡಮ್ಮನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಾವು ಆವಾಗುತ್ತದೆ. ಮೊಮ್ಮಗ ಕೇಳಿದ್ದನ್ನು ಕೇಳಿದಂತೆಯೇ ಟೈಪು ಮಾಡಿದ್ದ. ದೊಡ್ಡಪ್ಪನ ಹಳೆಯ ಸಹೋದ್ಯೋಗಿಯೊಬ್ಬರು, ಅವರೂ ಕನ್ನಡ ಮೇಷ್ಟ್ರು, ಫೋನು ಮಾಡಿ ಬಹಳ ಸಂತೋಷದಿಂದ ತಿಳಿಸಿದರು: "ನಿಮ್ಮ ಸೈಟಿನಲ್ಲಿ ಬೆಳ್ಳಗಿರೋದೆಲ್ಲ ಆಲಲ್ಲ ಅಂತಿದೆಯಲ್ಲ, ಅದು ಆಲದ ಮರವೋ?" ದೊಡ್ಡಪ್ಪನ ರಕ್ತದೊತ್ತಡದ ವಿಚಾರ ಬಿಡಿ. ದೊಡ್ಡಮ್ಮ ಮಾತ್ರ ಜಗ್ಗಲಿಲ್ಲ. "ಆಲು ಅಂದ್ರೂ ಹಾಲು ಅಂದ್ರೂ ನಿಮ್ಮ ಕಾಫಿಗೆ ಬೀಳೋದು ಅದೇ ತಾನೇ?"

ಹುಡುಗ ತಕ್ಷಣ ತಿದ್ದಿದ. ಪುಟ ತೆರೆದರೆ ಆಲಲ್ಲ. ಬ್ರೌಸರು ಕೂಡಿಟ್ಟುಕೊಂಡ ಹಳೆಯ ಪ್ರತಿಗಳ ಕ್ಯಾಶ್ ಅಳಿಸಿದ. ಆಲಲ್ಲ. ಗುಪ್ತ ಕಿಟಕಿಯಲ್ಲಿ ತೆರೆದ, ರೂಂಮೇಟಿನ ಮೊಬೈಲಿನಲ್ಲಿ ತೆರೆದ, ಸರ್ವರ್ ಆರಿಸಿ ಹಚ್ಚಿದ. ಎಲ್ಲೆಲ್ಲೂ ಆಲಲ್ಲ. ಮೈಸೂರಿನಲ್ಲಿ ನಾನು ಟರ್ಮಿನಲ್ಲಿನಲ್ಲಿ ಕರ್ಲ್ ಎಂಬ ಫೈಲು ಇಳಿಸುವ ಪ್ರೋಗ್ರಾಮು ಓಡಿಸಿ ಅದೇ ವಿಳಾಸದಿಂದ ಅದೇ ಫೈಲನ್ನು ಇಳಿಸಿದೆ. 'ಹಾಲಲ್ಲ' ಎಂದು ಸ್ಪಷ್ಟವಾಗಿ ಬಂತು. ಹುಡುಗನಿಗೆ ಹೇಳಿದೆ. "ಇಲ್ಲ ಚಿಕ್ಕಪ್ಪ, ಆಲಲ್ಲ." ನಾನು ಹಾಲಲ್ಲ, ಅವನು ಆಲಲ್ಲ. ಮೈಸೂರು, ಹಾಸನಗಳ ನಡುವೆ ಹೀಗೆ ಬಹಳ ಹೊತ್ತು ನಡೆಯಿತು. ಪಕ್ಕದ ಮೇಜಿನವರು ಫೋನಿನಲ್ಲಿ ಇವನ್ಯಾಕೆ ಡೈರಿ ಜಗಳ ಆಡುತ್ತಿದ್ದಾನೆ ಎಂದು ನೋಡಿದರು. ಹೋಸ್ಟಿಂಗ್ ಕಂಪನಿಯ ಸಹಾಯವಾಣಿಗೆ ಬರೆದರೆ, ಅವರೂ ಕರ್ಲ್ ಓಡಿಸಿ, "ನಮ್ಮ ಕಡೆ ಎಲ್ಲ ಸರಿಯಾಗಿದೆ" ಎಂದು ಟರ್ಮಿನಲ್ಲಿನ ಚಿತ್ರ ಕಳಿಸಿದರು. ಟರ್ಮಿನಲ್ಲಿನಲ್ಲಿ ಕನ್ನಡ ಹೇಗೆ ಕಾಣುತ್ತದೆಂದು ಬಲ್ಲವರೇ ಬಲ್ಲರು: ಒತ್ತೊಂದು ಕಡೆ, ಕೊಂಬೊಂದು ಕಡೆ. ಅದನ್ನು ಹುಡುಗ ತಾತನಿಗೆ ತೋರಿಸಿಬಿಟ್ಟ. ಒಂದು ಗಾದೆ ತಿದ್ದಲು ಹೋಗಿ ಇಡೀ ಭಾಷೆಯೇ ಮುರಿಯಿತೆಂದು ಅವರು ತಿಳಿದರು.

ತಮಾಷೆಯೆಂದರೆ ಇಲ್ಲಿ ಸುಳ್ಳು ಹೇಳುತ್ತಿದ್ದವರು ಒಬ್ಬರೂ ಇರಲಿಲ್ಲ. ವೆಬ್ ಸರ್ವರು ಎಲ್ಲರಿಗೂ ಒಂದೇ ಬಡಿಸುವುದಿಲ್ಲ. ಬ್ರೌಸರು ಫೈಲು ಕೇಳುವಾಗಲೇ 'ನನಗೆ ಜಿಜಿಪ್ ಆಗುತ್ತೆ' ಎಂದು ಸೇರಿಸಿ ಹೇಳುತ್ತದೆ. ಮದುವೆ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವರು ಬೆಳ್ಳುಳ್ಳಿ ಆಗುತ್ತೆ, ಆಗಲ್ಲ ಎಂದು ಮೊದಲೇ ಹೇಳಿದ ಹಾಗೆ. ಕರ್ಲ್‌ಗೆ ನಾವಾಗಿ ಹೇಳಿಕೊಡದಿದ್ದರೆ ಅದು ಹಾಗೆ ಹೇಳುವುದಿಲ್ಲ. ಆದ್ದರಿಂದ ಅದಕ್ಕೆ ಬರುವುದು ಕುಗ್ಗಿಸದ ಫೈಲು, ಬ್ರೌಸರುಗಳಿಗೆ ಬರುವುದು ಕುಗ್ಗಿಸಿದ್ದು. ಜಗತ್ತಿನ ಯಾವ ಮೊಬೈಲಿನಲ್ಲಿ ತೆರೆದರೂ ಹುಡುಗ ಕುಗ್ಗಿಸಿದ್ದನ್ನೇ ನೋಡುತ್ತಿದ್ದ.

ಹಾಗಿದ್ದರೂ ಎರಡರಲ್ಲೂ ಗಾದೆ ಒಂದೇ ಇರಬೇಕಲ್ಲ? ಇರಲಿಲ್ಲ. ಹುಡುಗ ನಡುವೆ ಇನ್ನೊಂದು ಸುಧಾರಣೆ ತಂದಿದ್ದ. ಕೇಳಿದವರಿಗೆಲ್ಲ ಪ್ರತಿ ಸಲ ಹೊಸದಾಗಿ ಕುಗ್ಗಿಸುವ ಶ್ರಮ ಆ ಬಡ ಸರ್ವರಿಗೆ ಯಾಕೆಂದು, ಮೊದಲೇ ಕುಗ್ಗಿಸಿದ ಜಿಜೆಡ್ ಪ್ರತಿಯನ್ನು ಮೂಲದ ಪಕ್ಕದಲ್ಲೇ ಇಡುವ ಏರ್ಪಾಡು. ಜಿಜಿಪ್ ಸ್ಟ್ಯಾಟಿಕ್ ಎನ್ನುತ್ತಾರೆ. ಒಳ್ಳೆಯ ಏರ್ಪಾಡೇ. ಒಂದೇ ಕೊರತೆ: ಜಿಜೆಡ್ ಪ್ರತಿ ಇದ್ದರೆ ಎಂಜಿನ್‌ಎಕ್ಸ್ ಅದನ್ನು ಎತ್ತಿ ಕೊಡುತ್ತದೆ, ಮೂಲಕ್ಕಿಂತ ಅದು ಹಳೆಯದೋ ಎಂದು ವಿಚಾರಿಸುವುದಿಲ್ಲ. ತಿದ್ದಿದಾಗಲೆಲ್ಲ ಆ ಪ್ರತಿಯನ್ನು ಮತ್ತೆ ಮಾಡಬೇಕು. ಅದಕ್ಕೂ ಹುಡುಗ ಸ್ಕ್ರಿಪ್ಟ್ ಬರೆದಿದ್ದ, ರಾತ್ರಿ ತಾನೇ ಓಡುತ್ತಿತ್ತು. ಓಡಿ ಏನು ಮಾಡುತ್ತಿತ್ತು ಎಂಬುದೇ ಪ್ರಶ್ನೆ.

ಜಿಜಿಪ್ ಮರ್ಯಾದಸ್ಥ ಪ್ರೋಗ್ರಾಮು. ಹಳೆಯ ಪ್ರತಿ ಇದ್ದರೆ, 'ಆಗಲೇ ಇದೆ, ಮೇಲೆ ಬರೆಯಲೇ?' ಎಂದು ಕೇಳುತ್ತದೆ. ಎದುರಿಗೆ ಮನುಷ್ಯರಿದ್ದರೆ ಹೂಂ ಅನ್ನಬಹುದು. ನಡುರಾತ್ರಿ ತಾನೇ ಓಡುವಾಗ ಕೇಳಲು ಯಾರೂ ಇರುವುದಿಲ್ಲವಾದ್ದರಿಂದ, 'ಆಗಲೇ ಇದೆ, ಬರೆಯಲಿಲ್ಲ' ಎಂದು ಲಾಗ್ ಎಂಬ ದಿನಚರಿಯಲ್ಲಿ ಒಂದು ಸಾಲು ಬರೆದಿಟ್ಟು ಮಲಗುತ್ತದೆ. ರಾತ್ರಿ ರಾತ್ರಿಯೂ ಬರೆದಿಟ್ಟಿತ್ತು. ಲಾಗನ್ನು ಯಾರು ಓದುತ್ತಾರೆ? ಬಲವಂತವಾಗಿ ಬರೆ ಎನ್ನಲು ಆಜ್ಞೆಯಲ್ಲಿ ಒಂದು 'ಎಫ್' ಸೇರಿಸಬೇಕಿತ್ತು, ಅಷ್ಟೇ. ಒಂದು 'ಹ' ಬಿಟ್ಟುಹೋಗಿದ್ದನ್ನು ಸರಿಪಡಿಸಲು ಹೊರಟ ಮೂರು ಊರಿನ ಜನ ಕೊನೆಗೆ ಒಂದು 'ಎಫ್' ಬಿಟ್ಟುಹೋದ ಜಾಗಕ್ಕೆ ಬಂದು ತಲುಪಿದೆವು. ದೊಡ್ಡಪ್ಪ ಇದಕ್ಕೂ ಗಾದೆ ಹುಡುಕಿದರು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಎಂದು ಶುರುಮಾಡಿ, ಇದರಲ್ಲಿ ಎತ್ತು ಯಾರು, ಕೋಣ ಯಾರು ಎಂದು ಮೊಮ್ಮಗ ಕೇಳಿದ್ದಕ್ಕೆ ಅಲ್ಲಿಗೇ ನಿಲ್ಲಿಸಿದರು.

ಈ ಗಲಾಟೆಯ ನಡುವೆ ಹುಡುಗ ಫೋಟೋಗಳನ್ನೂ ಜಿಜಿಪ್‌ಗೆ ಹಾಕಿದ್ದು ಕಣ್ಣಿಗೆ ಬಿತ್ತು. ಜೆಪೆಗ್ ಮೊದಲೇ ಹಿಂಡಿ ಇಟ್ಟಿರುವುದು, ಅದರಲ್ಲಿ ಇನ್ನೇನೂ ಇಳಿಯುವುದಿಲ್ಲ. ದೊಡ್ಡಪ್ಪ ಶಾಲು ಹೊದ್ದು ಸನ್ಮಾನ ಸ್ವೀಕರಿಸುವ ಚಿತ್ರ ಕುಗ್ಗಿಸಿದ ಮೇಲೆ ಒಂದಿಷ್ಟು ಬೈಟ್ ದಪ್ಪವೇ ಆಗಿತ್ತು. ಅದನ್ನು ಪಟ್ಟಿಯಿಂದ ತೆಗೆದೆ. ದೊಡ್ಡಪ್ಪನಿಗೆ ಹೇಳಲು ಹೋಗಲಿಲ್ಲ.

ಎಫ್ ಸೇರಿತು. ಸ್ಕ್ರಿಪ್ಟ್ ಓಡಿತು. ನನ್ನ ಕರ್ಲ್‌ಗೂ ಹುಡುಗನ ಬ್ರೌಸರಿಗೂ ಮೊದಲ ಬಾರಿಗೆ ಒಮ್ಮತ ಮೂಡಿತು: ಹಾಲಲ್ಲ. ಇನ್ನು ಇಂಥದ್ದು ಎಷ್ಟಿವೆಯೋ, ಒಂದೊಂದಾಗಿ ಯಾರು ತಿದ್ದುತ್ತಾರೆಂದು ಹುಡುಗ ಒಂದು ಚಿಕ್ಕ ಆಜ್ಞೆ ಕೊಟ್ಟ. ಪದದ ಮೊದಲಲ್ಲಿ 'ಆ' ಇರುವಲ್ಲೆಲ್ಲ 'ಹಾ' ಆಗಲಿ.

ಸರ್ವರ್ ಈ ಸಲ ಒಂದಿಷ್ಟೂ ತಡಮಾಡಲಿಲ್ಲ. ಮೂಲ, ಕುಗ್ಗಿಸಿದ ಪ್ರತಿ, ಬ್ರೌಸರು, ಕರ್ಲ್, ಸಹಾಯವಾಣಿ, ಹಿತ್ತಿಲ ಕಲ್ಲಿನ ಹತ್ತಿರದ ಮೊಬೈಲು, ಎಲ್ಲ ಕಡೆಗೂ ತಿದ್ದುಪಡಿ ಏಕಕಾಲಕ್ಕೆ ಹೋಗಿ ಮುಟ್ಟಿತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ದೊಡ್ಡಪ್ಪನ ಫೋನು. 'ಹಾನೆ ನಡೆದದ್ದೇ ದಾರಿ' ಎಂದು ಓದಿದರು. 'ಹಾಡು ಮುಟ್ಟದ ಸೊಪ್ಪಿಲ್ಲ' ಎಂದು ಓದಿದರು. ಧ್ವನಿ ನಡುಗುತ್ತಿತ್ತು. 'ಹಾಳಾಗಬಲ್ಲವನು ಅರಸಾಗಬಲ್ಲ' ಎಂಬಲ್ಲಿಗೆ ಬಂದಾಗ ಮಾತ್ರ ನಿಂತರು. ಎರಡನೇ ಸಲ ಮೆಲ್ಲಗೆ ಓದಿಕೊಂಡರು.

"ಮಿಕ್ಕಿದ್ದೆಲ್ಲ ತಿದ್ದಿಸು," ಎಂದರು. "ಇದೊಂದು ಹೀಗೇ ಇರಲಿ."